ಕಚೇರಿ ವರಾಂಡದಲ್ಲಿ ಗೋಣಿ ಹೊಲಿದ ದಬ್ಬಣಕ್ಕ

ಅವಳಿಗೆ ದಬ್ಬಣ ಅನ್ನುವ ಹೆಸರು ಅಂಟಿಕೊಂಡಾಗ ಅವಳಿಗೆ ಹನ್ನೆರಡು ವರ್ಷ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ಕಣ್ಮುಚ್ಚಿದ ಮೇಲೆ ಅದಕ್ಕೂ ಕೆಲಸವಿಲ್ಲದೆ ಹೋಯಿತು.

ದೊಡ್ಡ ಗೋದಾಮಿನ ಬೆನ್ನಿಗೆ ಒಂದು ಓಣಿ. ಓಣಿಯಲ್ಲಿ ಮೂವತ್ತೆಂಟು ಮನೆ. ಹೆಚ್ಚುಕಮ್ಮಿ ಎಲ್ಲರದೂ ಹರಿದ ಗೋಣಿಚೀಲ ಹೊಲಿಯುವ ಕಸುಬು. ಹಮಾಲಿಗಳು ಕೊಕ್ಕೆ ಹಾಕಿ ಎಳೆದ ಕಡೆಯೆಲ್ಲ ಚೀಲ ತೂತು ಬೀಳುತ್ತದೆ, ಇಲಿ ಕಡಿಯುತ್ತದೆ, ನೆಲಕ್ಕೆ ಉಜ್ಜಿ ಮೂಲೆ ಸವೆಯುತ್ತದೆ. ಅಂಥ ಚೀಲಗಳನ್ನು ಕೊಡವಿ, ಒಳಮೈ ಹೊರಗೆ ಮಾಡಿ, ತೇಪೆ ಇಟ್ಟು, ದಬ್ಬಣಕ್ಕೆ ಹುರಿ ಪೋಣಿಸಿ ಹೊಲಿದು, ಇಪ್ಪತ್ತೈದರ ಕಟ್ಟು ಕಟ್ಟಿ ಗೋದಾಮಿಗೆ ಹಿಂದಿರುಗಿಸಬೇಕು. ಅವಳ ತಾಯಿಯೂ ಅದನ್ನೇ ಮಾಡುತ್ತಿದ್ದಳು.

ಒಂದು ದಿನ ಗೋದಾಮಿನ ಗುಮಾಸ್ತ ತಾಯಿಯ ಕಟ್ಟನ್ನು ಬಿಚ್ಚಿ, ಹೊಲಿಗೆ ಸಡಿಲ, ಅರ್ಧ ಚೀಲ ಬೇಡ ಎಂದು ನೆಲಕ್ಕೆ ಎಸೆದ. ಚೀಲಗಳು ಬೇಡವಾದದ್ದೇನೂ ಅಲ್ಲ, ಅವನ್ನು ಪುಕ್ಕಟೆ ಇಟ್ಟುಕೊಳ್ಳುವುದು ಅವನ ಅಭ್ಯಾಸ. ತಾಯಿ ತಲೆ ತಗ್ಗಿಸಿ ಆರಿಸತೊಡಗಿದಳು. ಹುಡುಗಿ ಎಸೆದ ಚೀಲಗಳಲ್ಲಿ ಒಂದನ್ನು ಎತ್ತಿಕೊಂಡು ನೇರವಾಗಿ ಹಮಾಲಿಗಳ ಹತ್ತಿರ ಹೋಗಿ, ಇದಕ್ಕೆ ಕತ್ತಿನ ತನಕ ಕಾಳು ತುಂಬಿ ಮೇಲಿನಿಂದ ಬೀಳಿಸಿ ಎಂದಳು. ಅವರು ನಕ್ಕರು. ಒಬ್ಬ ಹರೆಯದ ಹಮಾಲಿಗೆ ಮಾತ್ರ ತಮಾಷೆ ನೋಡುವ ಆಸೆ. ತುಂಬಿ, ಹೊತ್ತುಕೊಂಡು ಚೀಲದ ರಾಶಿಯ ತುದಿ ಹತ್ತಿ, ಅಲ್ಲಿಂದ ದೊಪ್ಪೆಂದು ಬಿಟ್ಟ. ಧೂಳು ಎದ್ದಿತು, ಒಂದು ಹೊಲಿಗೆಯೂ ಕಿತ್ತುಬರಲಿಲ್ಲ. ಈಗ ನಿಮ್ಮ ಹೊಸ ಚೀಲ ಒಂದನ್ನು ಹೀಗೇ ಬಿಟ್ಟು ನೋಡಿ ಎಂದು ಹುಡುಗಿ ಗುಮಾಸ್ತನಿಗೆ ಹೇಳಿದಳು. ಗುಮಾಸ್ತ ಆ ಗೊಡವೆಗೆ ಹೋಗಲಿಲ್ಲ, ಇಡೀ ಕಟ್ಟನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡ. ಮಾತೂ ಚುಚ್ಚುತ್ತದೆ, ಹೊಲಿಗೆಯೂ ಬಿಗಿ ಎಂದು ಹಮಾಲಿಗಳು ಅವತ್ತೇ ಅವಳಿಗೆ ಹೆಸರಿಟ್ಟರು.

ಚೀಲ ಬಿಟ್ಟ ಆ ಹಮಾಲಿಯೇ ಏಳು ವರ್ಷದ ಮೇಲೆ ಅವಳ ಗಂಡನಾದ. ಅವನದು ಮಾತು ಕಡಿಮೆ, ನಗು ಜಾಸ್ತಿ. ಯಾರಾದರೂ ಕೇಳಿದರೆ, ನಾನು ಬೀಳಿಸಿದ್ದು ಚೀಲವನ್ನ, ಬಿದ್ದದ್ದು ಮಾತ್ರ ನಾನು ಅನ್ನುತ್ತಿದ್ದ.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಗೋದಾಮಿನಲ್ಲಿ ಚೀಲದ ರಾಶಿ ಜಾರಿ ಅವನ ಮೇಲೆ ಕುಸಿಯಿತು. ಹೊರತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ. ಹತ್ತು ದಿನದ ನಂತರ ಗೋದಾಮಿನವರು ಒಂದು ಕಾಗದ ತಂದರು. ಸಹಿ ಹಾಕಿದರೆ ಪರಿಹಾರ. ಅವಳಿಗೆ ಓದು ಬರುತ್ತಿದ್ದದ್ದು ಅಕ್ಷರ ಅಕ್ಷರ ಕೂಡಿಸಿಕೊಂಡು. ತಂದವರು ಚಡಪಡಿಸುತ್ತಿದ್ದರೂ ಅವಳು ಬೆರಳಿಟ್ಟು ನಿಧಾನಕ್ಕೆ ಓದಿದಳು. ನಾಲ್ಕನೇ ಸಾಲಿನಲ್ಲಿ, ಕುಡಿದು ಕೆಲಸಕ್ಕೆ ಬಂದಿದ್ದ ಎಂದಿತ್ತು. ಅವನು ಚಹಾ ಬಿಟ್ಟು ಬೇರೆ ಏನನ್ನೂ ಕುಡಿದವನಲ್ಲ. ಆ ಮಾತು ಹೊಡೆದುಹಾಕಿ ಎಂದಳು. ಅದು ಬರೀ ಬರವಣಿಗೆ, ಸತ್ತವನಿಗೆ ಏನಾಗಬೇಕು ಎಂದರು. ಅವಳು ಪೆನ್ನಿನ ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು.

ಓಣಿಯವರು ತಲೆ ಕೆಟ್ಟಿದೆ ಎಂದರು. ಅವಳ ಅಣ್ಣನೇ ಮೂಗು ಮುರಿದ. ಅತ್ತೆ ಮಾತ್ರ, ಮಗನನ್ನು ಕಳೆದುಕೊಂಡ ಆ ಮುದುಕಿ, ಸೊಸೆಯ ಪಕ್ಕ ಬಂದು ಕೂತು, ಹರಿದ ಚೀಲ ಒಂದನ್ನು ತೊಡೆ ಮೇಲೆ ಎಳೆದುಕೊಂಡಳು. ಅವತ್ತಿನಿಂದ ಇಬ್ಬರೂ ಒಂದೇ ಒಲೆ, ಒಂದೇ ಕಟ್ಟು.

ಹದಿನೇಳು ವರ್ಷ ಹಾಗೇ ನಡೆಯಿತು. ಮಗಳು ಬೆಳೆದು ಸೋಪಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದಳು. ಗೋಣಿಯ ಧೂಳು ಅತ್ತೆಯ ಎದೆಯಲ್ಲಿ ಕೂತಿತು. ಚೀಲ ಕೊಡವಿದರೆ ಏಳುವ ಆ ಸಣ್ಣ ನಾರು ಕಣ್ಣಿಗೆ ಕಾಣುವುದು ಬಿಸಿಲುಕೋಲಿನಲ್ಲಿ ಮಾತ್ರ. ಮೂವತ್ತು ವರ್ಷ ಒಳಗೆ ಹೋದರೆ ಉಸಿರಿಗೆ ಜಾಗ ಬಿಡುವುದಿಲ್ಲ. ಅದಕ್ಕೇ ತಾಯಿ ಮಗಳು ಸೇರಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಫ್ಯಾನ್ ತಂದು, ಧೂಳು ಅತ್ತೆಯ ಮುಖದಿಂದ ಬಾಗಿಲ ಕಡೆಗೆ ಹೋಗುವ ಹಾಗೆ ತಿರುಗಿಸಿ ಇಟ್ಟರು. ಔಷಧಿ ದೊಡ್ಡಾಸ್ಪತ್ರೆಯಿಂದ ಬರುತ್ತಿತ್ತು. ಬಡವರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಒಂದು ಚೀಟಿ, ಚೀಟಿ ತೋರಿಸಿದರೆ ಔಷಧಿ ಪುಕ್ಕಟೆ.

ಒಂದು ಮಧ್ಯಾಹ್ನ ಆ ಪಟ್ಟಿಯ ಸರ್ವೆ ಮಾಡುವ ಹುಡುಗಿ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಫಾರಂ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ಸೂರು ಯಾವುದು? ತಗಡು. ಗೋಡೆ? ಹುಡುಗಿ ಇಣುಕಿ ನೋಡಿ ಇಟ್ಟಿಗೆ ಎಂದು ಬರೆದುಕೊಂಡಳು. ಅದು ನಮ್ಮ ಗೋಡೆ ಅಲ್ಲ, ಗೋದಾಮಿನದು, ನಾವು ಅದಕ್ಕೆ ಒರಗಿಕೊಂಡಿದ್ದೀವಿ ಅಷ್ಟೇ ಎಂದು ದಬ್ಬಣಕ್ಕ ಹೇಳಿದಳು. ಯಾರ ಗೋಡೆ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಅಕ್ಕ, ಎಂಥ ಗೋಡೆ ಅಂತ ಮಾತ್ರ ಇದೆ ಎಂದಳು ಹುಡುಗಿ. ಫ್ಯಾನ್ ಇದೆ, ಸರಿ. ಮೊಬೈಲು ಮಗಳದು, ಅದೂ ಸರಿ. ಊಟ ಎಷ್ಟು ಹೊತ್ತು? ಮೂರು. ಹುಡುಗಿ ಪಕ್ಕದ ಮನೆಗೆ ಹೋದಳು. ಒಂದು ಬಿಂದಿಗೆ ತುಂಬುವಷ್ಟು ಹೊತ್ತೂ ಹಿಡಿಯಲಿಲ್ಲ.

ಎರಡು ತಿಂಗಳ ಮೇಲೆ ಅತ್ತೆಯನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದರೆ, ಔಷಧಿ ಕೊಡುವವನು ಚೀಟಿ ನೋಡಿ, ಇದು ರದ್ದಾಗಿದೆ, ನೀವೀಗ ಬಡವರಲ್ಲ ಎಂದ. ಅತ್ತೆ ಕಂಬ ಹಿಡಿದುಕೊಂಡು ಮೇಲುಸಿರು ಬಿಡುತ್ತಿದ್ದಳು. ಅಷ್ಟರಲ್ಲೂ ಆ ಮುದುಕಿಗೆ ತಿಳಿದುಕೊಳ್ಳಬೇಕೆನಿಸಿತು.

"ಯಾವತ್ತಿಂದ?" ಎಂದು ಕೇಳಿದಳು.

ಅವನು ಕಂಪ್ಯೂಟರ್ ನೋಡಿ, ಹೋದ ತಿಂಗಳು ಒಂದನೇ ತಾರೀಕಿನಿಂದ ಎಂದ.

ಓಣಿಯಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಗೋದಾಮಿನ ಗೋಡೆಗೆ ಒರಗಿದ ಸಾಲಿನ ಇಪ್ಪತ್ತಾರು ಮನೆಯೂ ಪಟ್ಟಿಯಿಂದ ಹೋಗಿತ್ತು. ಎದುರು ಸಾಲಿನ ಹನ್ನೆರಡು ಮನೆಗೆ ನಾಲ್ಕೂ ಕಡೆ ತಗಡು, ಅವು ಉಳಿದಿದ್ದವು. ಎದುರು ಸಾಲಿನವರು ಅವತ್ತಿನಿಂದ ಇವರ ಕಣ್ಣಿಗೆ ಕಣ್ಣು ಕೊಡದೆ ಓಡಾಡತೊಡಗಿದರು. ನಡುವೆ ಇರುವುದು ಒಂದು ಕೈಗಾಡಿ ಹೋಗುವಷ್ಟು ಜಾಗ, ಅದು ಹೊಳೆಯಷ್ಟು ಅಗಲವಾಯಿತು.

ದಬ್ಬಣಕ್ಕ ಆ ಪಟ್ಟಿ ಮಾಡುವ ಕಚೇರಿಗೆ ಹೋದಳು. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತವನು ಕೆಟ್ಟವನಲ್ಲ. ಸುತ್ತ ನೋಡಿ, ದನಿ ತಗ್ಗಿಸಿ ದಾರಿ ಹೇಳಿಕೊಟ್ಟ. ಹೊಸ ಅರ್ಜಿ ಹಾಕಿ. ನೋಡೋಕೆ ಬಂದಾಗ ಆ ಗೋಡೆಗೆ ಗೋಣಿ ಇಳಿಬಿಡಿ, ಫ್ಯಾನ್ ಇಳಿಸಿ ಯಾರ ಮನೆಯಲ್ಲಾದರೂ ಇಡಿ, ಒಂದೇ ಹೊತ್ತು ಉಣ್ಣುತ್ತೀವಿ ಅನ್ನಿ. ಎಲ್ಲರೂ ಹಾಗೇ ಮಾಡೋದು.

"ಫ್ಯಾನ್ ಇಳಿಸಿದ್ರೆ ನಮ್ಮತ್ತೆ ಉಸಿರು ಹೋಗುತ್ತೆ. ಆಮೇಲೆ ಚೀಟಿ ಯಾರಿಗೆ ಸ್ವಾಮಿ?" ಎಂದಳು ದಬ್ಬಣಕ್ಕ. "ಒಂದೇ ಹೊತ್ತು ಉಣ್ತೀವಿ ಅಂತ ನಾನು ಹೇಳಲ್ಲ. ಮೂರು ಹೊತ್ತು ಉಣ್ಣೋಕೆ ಎಷ್ಟು ಹೊಲಿದಿದ್ದೀನಿ ಅಂತ ನನ್ನ ಬೆರಳಿಗೆ ಗೊತ್ತು. ಅದನ್ನ ಮುಚ್ಚಿಟ್ಟು ನಿಮ್ಮ ಪಟ್ಟಿಗೆ ಬರಬೇಕಾ?"

ಹಾಗಾದ್ರೆ ನಿಮ್ಮಿಷ್ಟ ಎಂದು ಕಿಟಕಿಯವನು ಮುಂದಿನವರನ್ನು ಕರೆದ.

ಮನೆಗೆ ಬಂದು ಇದನ್ನು ಹೇಳಿದಾಗ ಮಗಳು ಸಿಡಿದಳು. ಇಷ್ಟು ವರ್ಷ ಮಗಳು ಅಪ್ಪನ ವಿಷಯ ಎತ್ತಿದವಳಲ್ಲ.

"ಅಪ್ಪನ ಕಾಗದದ ವಿಷಯದಲ್ಲೂ ನೀನು ಹೀಗೇ ಮಾಡಿದೆ. ಆಗ ನಾನು ಚಿಕ್ಕವಳು, ನನ್ನನ್ನ ಕೇಳಲಿಲ್ಲ, ಸರಿ. ಸ್ಕೂಲು ಬಿಟ್ಟು ಸೋಪು ತುಂಬೋಕೆ ಹೋದವಳು ನಾನು. ಈಗ ಅಜ್ಜಿನಾದ್ರೂ ಕೇಳಿದ್ಯಾ? ನಿನ್ನ ಛಲಕ್ಕೆ ಅವಳ ಉಸಿರು ಯಾಕೆ ಹೋಗಬೇಕು?"

ದಬ್ಬಣಕ್ಕನಿಗೆ ಇದು ಮುಖಕ್ಕೆ ಹೊಡೆದ ಹಾಗೆ ಬಿತ್ತು, ಯಾಕೆಂದರೆ ಸುಳ್ಳಲ್ಲ. ಅವಳು ಹೋಗಿ ಅತ್ತೆಯ ಕಾಲ ಹತ್ತಿರ ಕೂತು, ನೀವು ಏನಂತೀರಿ ಎಂದು ಕೇಳಿದಳು. ಅತ್ತೆಗೆ ಕೆಮ್ಮು ಒತ್ತಿಬಂತು. ಕೆಮ್ಮು ನಿಂತ ಮೇಲೆ ಹೇಳಿದಳು.

"ನನಗೆ ಔಷಧಿ ಬೇಕು ಕಣಮ್ಮ. ಎದೆ ಕಟ್ಟಿದಾಗ ಏನು ಸುಳ್ಳು ಬೇಕಾದ್ರೂ ಹೇಳಿಬಿಡ್ತೀನಿ, ನಾನೇನು ದೊಡ್ಡ ಸತ್ಯವಂತೆ ಅಲ್ಲ. ಆದ್ರೆ ಗೋಣಿ ಇಳಿಬಿಟ್ಟು ತಂದ ಚೀಟಿ, ನಾಳೆ ಇನ್ನೊಬ್ಬಳು ಗೋಣಿ ಸರಿಸಿ ಇಣುಕಿದ್ರೆ ಹೋಗುತ್ತೆ. ಅವರ ಪ್ರಶ್ನೆನೇ ಬದಲಾಯಿಸ್ತೀಯ ಅಂದ್ರೆ ಬದಲಾಯಿಸು. ಬೇಗ ಮಾಡು. ನನಗೆ ತುಂಬ ದಿನ ಇಲ್ಲ."

ಹಾಗೆ ಶುರುವಾಯಿತು ಅದು. ಗೋದಾಮಿಗೆ ವಾರದ ರಜೆ ಇದ್ದ ದಿನ, ಬಿಸಿಲು ಇಳಿಯುವ ಹೊತ್ತಿಗೆ ಗೋದಾಮಿನ ಅಂಗಳದ ನೆರಳಲ್ಲಿ ಚೀಲ ಹಾಸಿ ದಬ್ಬಣಕ್ಕ ಓಣಿಯವರನ್ನೆಲ್ಲ ಕರೆದಳು. ಎದುರು ಸಾಲಿಗೆ ಅವಳೇ ಹೋಗಿ ಬಾಗಿಲು ಬಾಗಿಲಿಗೆ ಹೇಳಿಬಂದಳು. ನಿಮ್ಮ ಚೀಟಿ ಕಿತ್ತುಕೊಳ್ಳೋಕೆ ಕರೀತಾ ಇಲ್ಲ, ನಿಮ್ಮ ಮಾತು ಕೇಳೋಕೆ ಎಂದಳು. ಅವರಲ್ಲಿ ಒಂಬತ್ತು ಮನೆಯವರು ಬಂದರು. ಸರ್ವೆ ಹುಡುಗಿ ಆ ದಾರಿಯಲ್ಲೇ ಹೋಗುತ್ತಿದ್ದವಳು, ಅಳುಕುತ್ತಾ ಹಿಂದೆ ಬಂದು ನಿಂತಳು. ಯಾರೂ ಬೈಯಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ. ಅತ್ತೆ ಮಾತ್ರ ಸರಿದು ಜಾಗ ಮಾಡಿಕೊಟ್ಟಳು. ಮಗಳು ಮುಖ ಊದಿಸಿಕೊಂಡೇ ಇದ್ದಳು. ಆದರೆ ಓಣಿಯಲ್ಲಿ ಬರಹ ದುಂಡಗಿದ್ದದ್ದು ಅವಳದೇ, ಒಂದು ನೋಟುಬುಕ್ಕು ಹಿಡಿದು ಕೂತಳು.

ದಬ್ಬಣಕ್ಕ ಕೇಳಿದ್ದು ಇಷ್ಟೇ. ಅವರು ಬಂದು ಗೋಡೆ ಎಣಿಸಿಕೊಂಡು ಹೋದರು. ನಮ್ಮನ್ನು ಕೇಳಿದ್ದಿದ್ದರೆ, ಬಡತನ ಅಂದರೆ ಏನು ಅಂತ ನಾವು ಹೇಳುತ್ತಿದ್ದೆವು?

ಮೊದಲು ಎಲ್ಲರೂ ಮುಖ ಮುಖ ನೋಡಿಕೊಂಡರು. ಇದೂ ಒಂದು ಪ್ರಶ್ನೆಯೇ ಎಂದು ಯಾರೋ ನಕ್ಕರು. ಆಮೇಲೆ ಕಾಲು ಎಳೆದು ನಡೆಯುವ ಮುದಿ ಹಮಾಲಿ ಬಾಯಿ ಬಿಟ್ಟ. ಗೋದಾಮಿನ ಯಜಮಾನನಿಗೆ ಜ್ವರ ಬಂದರೆ ಅದು ಜ್ವರ. ನನಗೆ ಬಂದರೆ ಅದನ್ನು ನಾಗಾ ಅಂತಾರೆ, ಆ ದಿನದ ಕೂಲಿ ಮುರೀತಾರೆ. ಕಾಯಿಲೆ ಬಿದ್ದಾಗ ಮಲಗೋ ಹಾಗಿಲ್ಲ, ಅದೇ ನೋಡು ಎಂದ. ಮನೆಗೆಲಸಕ್ಕೆ ಹೋಗುವ ಒಬ್ಬಳು ಹೇಳಿದಳು, ಯಜಮಾನರ ಮನೆಯ ಮಗುವಿಗೆ ನಾನು ಕಥೆ ಹೇಳಿ ಊಟ ಮಾಡಿಸ್ತೀನಿ, ಅದೇ ಹೊತ್ತಿಗೆ ನನ್ನ ಮಗು ಎಲ್ಲಿದೆ ಅಂತ ನನಗೆ ಗೊತ್ತಿರಲ್ಲ. ಓಣಿಯ ತುದಿಯ ಕ್ಷೌರಿಕ, ಕನ್ನಡಿ ನಂದು, ಕತ್ತರಿ ನಂದು, ಕೈ ನಂದು, ಕನ್ನಡಿ ನೇತುಹಾಕಿರೋ ಮೊಳೆ ಮಾತ್ರ ಬೇರೆಯವರ ಗೋಡೇದು, ಯಾವತ್ತು ಎಬ್ಬಿಸ್ತಾರೋ ಅಂತ ಇಪ್ಪತ್ತು ವರ್ಷದಿಂದ ಕಾಯ್ತಾ ಇದ್ದೀನಿ ಎಂದ. ಎದುರು ಸಾಲಿನ ಒಬ್ಬಳು, ನಮಗೆ ಚೀಟಿ ಇದೆ ನಿಜ, ಆದರೆ ಆಸ್ಪತ್ರೆಯಲ್ಲಿ ಆ ಚೀಟಿ ತೋರಿಸಿದ ಕೂಡಲೇ ಬಹುವಚನ ಹೋಗಿ ಏಕವಚನ ಬರುತ್ತೆ ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಮಗಳು ನಗದೆ ಬರೆದುಕೊಂಡಳು.

ಹೆಂಗಸರು ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತಾ ಹೋದರು. ಕೆಲಸದ ಜಾಗದಲ್ಲಿ ಬಾಯಾರಿದರೂ ನೀರು ಕುಡಿಯುವುದಿಲ್ಲ, ಕುಡಿದರೆ ಹೋಗಲು ಮರೆ ಬೇಕಲ್ಲ. ಆಗ ಸರ್ವೆ ಹುಡುಗಿ ತನಗೇ ತಿಳಿಯದೆ, ನಾನೂ ಕುಡಿಯಲ್ಲ ಎಂದುಬಿಟ್ಟಳು. ದಿನಕ್ಕೆ ನಲವತ್ತು ಮನೆ ಮುಗಿಸಬೇಕು, ಯಾರ ಮನೆಯಲ್ಲಿ ಕೇಳೋದು? ಅದಕ್ಕೇ ಒಳಗೆ ಬರಲಿಲ್ಲ, ಕೂತರೆ ಏಳೋಕೆ ಮನಸ್ಸಾಗಲ್ಲ. ಬರಕೋ, ಇವಳೂ ನಮ್ಮವಳೇ ಎಂದು ಅತ್ತೆ ಮೊಮ್ಮಗಳಿಗೆ ಹೇಳಿದಳು.

ಅತ್ತೆಯ ಸರದಿ ಬಂದಾಗ ಅವಳು ಎಲ್ಲರನ್ನೂ ಬೆಚ್ಚಿಬೀಳಿಸಿದಳು. ನಾನು ಬಡವಿ ಆಗಿದ್ದದ್ದು ನನ್ನ ತವರಲ್ಲಿ ಎಂದಳು. ಅಲ್ಲಿ ಹೊಲ ಇತ್ತು, ಕಣಜ ಇತ್ತು, ಎಮ್ಮೆ ಇತ್ತು. ಆದರೆ ಒಂದು ತುತ್ತು ಬೇಕಾದರೂ ಅತ್ತಿಗೆಯನ್ನು ಕೇಳಿ ತಿನ್ನಬೇಕಿತ್ತು. ಇಲ್ಲಿಗೆ ಬಂದ ಮೇಲೆ ಹೊಲಿದೆ, ತಿಂದೆ. ಈಗ ಉಸಿರು ಹಿಡಿಯುತ್ತೆ, ಔಷಧಿ ಬೇಕು, ಅದು ನಾನು ಹೊಲಿದ ಚೀಲದಿಂದ ಬಂದ ಕಾಯಿಲೆ. ಅದನ್ನ ಕೊಡಿ ಅಂತ ಕೇಳ್ತೀನಿ. ಬಡವಿ ಅಂತ ಕರೆಸಿಕೊಂಡು ಯಾಕೆ ಕೇಳಲಿ?

ಇನ್ನು ಹೊತ್ತಾಯಿತು, ಏಳೋಣ ಅನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಪೇಂಟರನ ಹೆಂಡತಿ ಮಾತಾಡಿದಳು. ಓಣಿಯಲ್ಲಿ ಗಚ್ಚಿನ ನೆಲ ಇದ್ದದ್ದು ಅವಳ ಮನೆಗೆ ಮಾತ್ರ. ಟೀವಿಯೂ ಇತ್ತು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ನಿನಗೇನಮ್ಮ ಕಮ್ಮಿ ಅನ್ನುವ ಹಾಗೆ.

"ನನ್ನ ಮನೆಗೆ ಬೀಗ ಇದೆ," ಎಂದಳು ಅವಳು. "ಕೀಲಿಕೈ ನನ್ನ ಹತ್ರ ಇಲ್ಲ. ಅವರು ಕೆಲಸಕ್ಕೆ ಹೋಗ್ತಾ ಹೊರಗಿಂದ ಹಾಕ್ಕೊಂಡು ಹೋಗ್ತಾರೆ. ಇವತ್ತು ಮರೆತಿದ್ರು, ಅದಕ್ಕೆ ಬಂದೆ."

ಹನ್ನೊಂದು ವರ್ಷದಿಂದ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದವರು ಅವಳನ್ನು ಜಂಬದವಳು ಎಂದು ಬಿಟ್ಟಿದ್ದರು. ಮಗಳು ಬರೆಯುವುದನ್ನು ನಿಲ್ಲಿಸಿ ತಾಯಿಯ ಕಡೆ ನೋಡಿದಳು. ಬರಿ ಎಂದು ದಬ್ಬಣಕ್ಕ ಕಣ್ಣಲ್ಲೇ ಹೇಳಿದಳು. ಓಣಿಯಲ್ಲಿ ಎಲ್ಲರಿಗಿಂತ ಬಡವಳು ಯಾರು ಅನ್ನುವುದಕ್ಕೆ ಅವತ್ತು ವಾದ ನಡೆಯಲಿಲ್ಲ. ಮರುದಿನವೇ ನಾಲ್ಕು ಹೆಂಗಸರು ಹೋಗಿ ಪೇಂಟರನನ್ನು ಅವನು ಬಣ್ಣ ಬಳಿಯುತ್ತಿದ್ದ ಏಣಿಯ ಕೆಳಗೆ ನಿಂತು ಮಾತಾಡಿಸಿದರು. ಏನು ಹೇಳಿದರೋ ಅವರಿಗೇ ಗೊತ್ತು, ಅವನು ಅಲ್ಲಿಂದಲೇ ಕೀಲಿಕೈ ಕೆಳಗೆ ಎಸೆದ.

ನೋಟುಬುಕ್ಕು ಹಿಡಿದು ಇಪ್ಪತ್ತು ಜನ ಕಚೇರಿಗೆ ಹೋದರು. ಸಾಹೇಬರು ಇಲ್ಲ, ಕಾಯಿರಿ ಎಂದರು. ನಾಲ್ಕು ಗಂಟೆ ಕಾಲ ಮೇಲೆ ನಿಂತರು. ಸಾಹೇಬರು ಇವತ್ತು ಬರಲ್ಲ, ನಾಳೆ ಬನ್ನಿ ಎಂದರು. ಆ ದಿನದ ಕೆಲಸ ಹೋಯಿತು. ಹೀಗೆ ಮೂರು ದಿನ ಓಡಾಡಿಸಿದರೆ ನಾವೇ ಕೈಬಿಡ್ತೀವಿ, ಅದು ಅವರಿಗೂ ಗೊತ್ತು ಎಂದು ದಾರಿಯಲ್ಲಿ ಬರುತ್ತಾ ಮುದಿ ಹಮಾಲಿ ಹೇಳಿದ. ಆ ಮಾತು ದಬ್ಬಣಕ್ಕನಿಗೆ ಮುಳ್ಳಿನ ಹಾಗೆ ನಾಟಿತು.

ಮರುದಿನ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಎರಡು ಕೈಗಾಡಿ ತುಂಬ ಹರಿದ ಗೋಣಿಚೀಲ ಬಂದು ನಿಂತವು. ಹೆಂಗಸರು ಕಟ್ಟು ಇಳಿಸಿ, ವರಾಂಡದ ಉದ್ದಕ್ಕೂ ಸಾಲಾಗಿ ಕೂತು, ದಬ್ಬಣ ತೆಗೆದು ಹೊಲಿಯತೊಡಗಿದರು. ಜವಾನ ಓಡಿಬಂದ. ಇದು ಕಚೇರಿ ಎಂದ.

"ಕಾಯಿರಿ ಅಂದ್ರಿ, ಕಾಯ್ತಾ ಇದ್ದೀವಿ," ಎಂದಳು ದಬ್ಬಣಕ್ಕ. "ಸುಮ್ಮನೆ ಕೂತು ಕಾಯೋಷ್ಟು ಅನುಕೂಲಸ್ಥರಲ್ಲ ನಾವು."

ಹೊಲಿಯುವ ಮುಂಚೆ ಚೀಲ ಕೊಡವಬೇಕಲ್ಲ. ಕೊಡವಿದರು. ಒಂದೊಂದು ಚೀಲಕ್ಕೂ ಒಂದೊಂದು ಮೋಡ. ನಾರು, ಹೊಟ್ಟು, ಕಾಳಿನ ಪುಡಿ ಎಲ್ಲ ಸೇರಿ ಕಿಟಕಿಯೊಳಗೆ ಹೋಯಿತು. ಫೈಲಿನ ಮೇಲೆ ಕೂತಿತು, ಚಹಾದ ಲೋಟದಲ್ಲಿ ತೇಲಿತು. ಮಧ್ಯಾಹ್ನದ ಹೊತ್ತಿಗೆ ಅರ್ಜಿಯ ಕಿಟಕಿಯವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂತಿದ್ದ. ಒಳಗಿನಿಂದ ಒಬ್ಬರಾದ ಮೇಲೆ ಒಬ್ಬರು ಕೆಮ್ಮುವುದು ಕೇಳುತ್ತಿತ್ತು. ಯಾರೋ ಪೊಲೀಸಿಗೆ ಫೋನ್ ಮಾಡಿದರು. ಒಬ್ಬ ಪೇದೆ ಬಂದು ನೋಡಿದ. ಹೊಲಿಗೆ ಹಾಕುವವರನ್ನು ಯಾವ ತಪ್ಪಿಗೆ ಎಬ್ಬಿಸುವುದು ಎಂದು ಅವನಿಗೂ ಹೊಳೆಯಲಿಲ್ಲ. ಅವನ ಬ್ಯಾಗಿನ ಪಟ್ಟಿ ಕಿತ್ತು ನೇತಾಡುತ್ತಿತ್ತು. ಮನೆಗೆಲಸದವಳ ತಾಯಿ ಅದನ್ನು ಕೇಳದೆ ಎಳೆದುಕೊಂಡು ನಾಲ್ಕು ಹೊಲಿಗೆ ಹಾಕಿಕೊಟ್ಟಳು. ಪೇದೆ ಬ್ಯಾಗು ಹೆಗಲಿಗೇರಿಸಿ, ಗಲಾಟೆ ಮಾಡಬೇಡಿ ಎಂದು ಗಲಾಟೆಯೇ ಇಲ್ಲದ ಕಡೆ ಹೇಳಿ, ಹೊರಟುಹೋದ.

ಸಂಜೆ ಕಚೇರಿ ಮುಚ್ಚಿದಾಗ ಅವರು ವರಾಂಡ ಗುಡಿಸಿ, ಹೊಲಿದ ಕಟ್ಟು ಗಾಡಿಗೇರಿಸಿಕೊಂಡು ಗೋದಾಮಿಗೆ ಹಾಕಿದರು. ಮರುದಿನ ಮತ್ತೆ ಬಂದರು. ಎದುರು ಸಾಲಿನ ಒಂಬತ್ತು ಮನೆಯ ಹೆಂಗಸರೂ ಬಂದು ಕೂತರು. ಮಗಳು ಕಾರ್ಖಾನೆಗೆ ರಜೆ ಹಾಕಿ ಬಂದಳು. ಒಂದು ದಬ್ಬಣ ತೆಗೆದುಕೊಂಡು ಬರಲಾಗದ ಅಜ್ಜಿಯ ಜಾಗದಲ್ಲಿ ಕೂತಳು. ಅವಳ ಹೊಲಿಗೆ ಸೊಟ್ಟಗಿತ್ತು.

ಮೂರನೇ ದಿನ ಸಾಹೇಬರು ಹಿಂದಿನ ಬಾಗಿಲಿಂದ ಬರುವುದನ್ನು ಬಿಟ್ಟು ವರಾಂಡಕ್ಕೇ ಬಂದರು. ನಿಂತುಕೊಂಡೇ ಏನು ನಿಮ್ಮ ಅಹವಾಲು ಎಂದು ಕೇಳಿದರು. ಮಗಳು ನೋಟುಬುಕ್ಕು ಕೊಟ್ಟಳು. ಅವರು ಒಂದು ಪುಟ ಓದಿದರು, ಎರಡನೆಯದನ್ನು ತಿರುವಿದರು. ಮೂರನೇ ಪುಟಕ್ಕೆ ಬಂದಾಗ ಕೂರಲು ಜಾಗ ಹುಡುಕುವ ಹಾಗೆ ಆಚೀಚೆ ನೋಡಿದರು. ದಬ್ಬಣಕ್ಕ ತನ್ನ ಪಕ್ಕದ ಕಟ್ಟನ್ನು ತಟ್ಟಿ, ಕೂತ್ಕೊಳ್ಳಿ ಸಾರ್, ಹೊಲಿಗೆ ಗಟ್ಟಿ ಇದೆ ಎಂದಳು. ಜವಾನ ಕುರ್ಚಿ ತರಲು ಓಡಿದ, ಅಷ್ಟರಲ್ಲಿ ಸಾಹೇಬರು ಕೂತಾಗಿತ್ತು.

ಪೂರ್ತಿ ಓದಿ ಮುಗಿಸಿ ಅವರು ನಿಜವನ್ನೇ ಹೇಳಿದರು. ಇದೆಲ್ಲ ಸರಿ ಇರಬಹುದು, ನನಗೆ ಅರ್ಥವಾಗುತ್ತೆ, ಆದರೆ ಸರ್ಕಾರಕ್ಕೆ ಎಣಿಸಲು ಬರುವ ಲೆಕ್ಕ ಬೇಕು. ಅವಮಾನ, ಭಯ, ಕಾಯುವುದು, ಇವನ್ನೆಲ್ಲ ಯಾರು ಹೇಗೆ ಎಣಿಸುತ್ತಾರೆ ಎಂದರು. ಹೇಳುತ್ತಲೇ ಅವರಿಗೂ ಕೆಮ್ಮು ಬಂತು. ದಬ್ಬಣಕ್ಕ ಅವರ ಕೆಮ್ಮು ನಿಲ್ಲುವ ತನಕ ಸುಮ್ಮನಿದ್ದಳು.

"ಕೆಮ್ಮು ಎಣಿಸಿ ಸಾರ್," ಎಂದಳು. "ಮೂರು ದಿನದಲ್ಲಿ ನಿಮ್ಮ ಕಚೇರಿಯವರು ಎಷ್ಟು ಸಲ ಕೆಮ್ಮಿದ್ರು ಅಂತ ಬರ್ಕೊಳ್ಳಿ. ಅದನ್ನೇ ಮೂವತ್ತು ವರ್ಷಕ್ಕೆ ಹಾಕಿ ನೋಡಿ. ಅದು ನಮ್ಮತ್ತೆ ಎದೆ. ಅವಳ ಮುಖದ ಮೇಲಿಂದ ಈ ಧೂಳು ಹೋಗಲಿ ಅಂತ ಇಟ್ಟ ಫ್ಯಾನ್ ನೋಡಿ ನೀವು ಚೀಟಿ ಕಿತ್ಕೊಂಡ್ರಿ. ನಮ್ಮನ್ನ ಬಡವರು ಅನ್ನಿ, ಅನ್ನದೇ ಇರಿ, ಅದು ನಿಮ್ಮ ಮಾತು. ನಮ್ಮ ಬದುಕು ಹೆಂಗಿದೆ ಅನ್ನೋದು ನಮ್ಮ ಮಾತು. ಅದನ್ನ ನಮ್ಮನ್ನ ಕೇಳಿ ಬರೀರಿ."

ಸಾಹೇಬರು ಎದ್ದು ಪ್ಯಾಂಟಿಗೆ ಅಂಟಿದ ನಾರು ಕೊಡವಿಕೊಂಡು, ನೋಟುಬುಕ್ಕು ಇಟ್ಟುಕೊಳ್ಳಲಾ ಎಂದು ಕೇಳಿದರು. ಬೇಡ, ಇಲ್ಲೇ ಕೂತು ನಕಲು ಮಾಡಿಸಿಕೊಳ್ಳಿ, ಇದು ನಮ್ಮದು ಎಂದಳು ಮಗಳು. ಕಿಟಕಿಯವನೇ ಹೊರಗೆ ಬಂದು, ಮೂಗಿನ ಕರ್ಚೀಫು ಬಿಚ್ಚಿ, ನೆಲದ ಮೇಲೆ ಕೂತು ನಕಲು ಮಾಡಿಕೊಂಡ.

ಒಂದು ತಿಂಗಳಲ್ಲಿ ಓಣಿಗೆ ಮತ್ತೆ ಸರ್ವೆ ಬಂತು. ಅದೇ ಹುಡುಗಿ ಬಂದಳು. ಈ ಸಲ ಒಂದೊಂದು ಮನೆಯಲ್ಲೂ ಒಳಗೆ ಕೂತು, ನೀರು ಇಸಿದುಕೊಂಡು ಕುಡಿದು ಕೇಳಿದಳು. ಫಾರಂನಲ್ಲಿ ಹೊಸದಾಗಿ ಸೇರಿದ್ದು ಎರಡೇ ಸಾಲು. ಗೋಡೆ ಯಾರದು ಅನ್ನುವುದು ಒಂದು, ಕೆಲಸದಿಂದ ಬಂದ ಕಾಯಿಲೆ ಮನೆಯಲ್ಲಿ ಯಾರಿಗಿದೆ ಅನ್ನುವುದು ಇನ್ನೊಂದು. ಉಳಿದ ಮಾತುಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ಇಪ್ಪತ್ತಾರು ಮನೆಯಲ್ಲಿ ಹತ್ತೊಂಬತ್ತಕ್ಕೆ ಚೀಟಿ ವಾಪಸ್ಸು ಬಂತು, ಏಳಕ್ಕೆ ಬರಲಿಲ್ಲ. ಆ ಏಳು ಮನೆಗಾಗಿ ದಬ್ಬಣಕ್ಕ ಇವತ್ತಿಗೂ ಕಚೇರಿಗೆ ಹೋಗುತ್ತಾಳೆ. ಅವಳು ಕಟ್ಟು ಹೊತ್ತು ಬರುವುದು ಕಂಡರೆ ಸಾಕು, ಜವಾನ ಓಡಿಹೋಗಿ ಸಾಹೇಬರು ಇದ್ದಾರೆ, ಬನ್ನಿ ಒಳಗೆ ಅನ್ನುತ್ತಾನೆ.

ಕಚೇರಿಯವರು ಆ ವರ್ಷ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಸಾಹೇಬರು ಗೋಣಿ ಕಟ್ಟಿನ ಮೇಲೆ ಕೂತ ಚಿತ್ರ, ಕೆಳಗೆ ದಿಕ್ಕಿಲ್ಲದವರ ಬಳಿಗೆ ಆಡಳಿತ ಎಂದು ಬರೆದಿತ್ತು. ದಬ್ಬಣಕ್ಕ ಅಕ್ಷರ ಕೂಡಿಸಿ ಓದಿ, ಪುಸ್ತಿಕೆ ಹಿಡಿದುಕೊಂಡು ಸೀದಾ ಹೋದಳು. ದಿಕ್ಕು ಗೊತ್ತಿದ್ದಕ್ಕೇ ನಿಮ್ಮ ವರಾಂಡಕ್ಕೆ ಬಂದೆವು, ಬಂದವರು ನಾವು, ಅದನ್ನು ತಿದ್ದಿ ಎಂದಳು. ಉಳಿದಿದ್ದ ನಾನೂರು ಪ್ರತಿಯ ಮೇಲೆ ಆ ಸಾಲಿಗೆ ಕಾಗದದ ಚೂರು ಅಂಟಿಸಿದರು. ಅಂಟಿಸಿದವನು ಕಿಟಕಿಯವನೇ.

ಅತ್ತೆ ಚೀಟಿ ಬಂದ ಮೇಲೆ ಹದಿನಾಲ್ಕು ತಿಂಗಳು ಬದುಕಿದಳು. ಔಷಧಿಯಿಂದ ಎದೆ ಸ್ವಲ್ಪ ಹಗುರಾಗಿತ್ತು, ಪೂರ್ತಿ ವಾಸಿಯಾಗುವ ಕಾಲ ಮೀರಿತ್ತು. ಒಂದು ಬೆಳಿಗ್ಗೆ, ಸೊಸೆ ಚಹಾ ಸೋಸುತ್ತಿದ್ದಾಗ ಹೋಗಿಬಿಟ್ಟಳು. ನಾಲ್ಕನೇ ದಿನ ಮಗಳು ತಾಯಿಯ ಹತ್ತಿರ ಬಂದು, ಅವತ್ತು ನಾನು ಅಂದದ್ದನ್ನ ವಾಪಸ್ಸು ತಗೊಳ್ಳಲ್ಲ, ಆದ್ರೆ ನೀನು ಮಾಡಿದ್ದು ಸರಿ ಎಂದಳು. ಎರಡೂ ನಿಜ ಬಿಡು ಎಂದಳು ದಬ್ಬಣಕ್ಕ. ಈಗ ಮಗಳು ಕಾರ್ಖಾನೆಯಲ್ಲಿ ಹೆಂಗಸರಿಗೊಂದು ಪಾಯಿಖಾನೆ ಕಟ್ಟಿಸಲು ಜಗಳ ಹೂಡಿದ್ದಾಳೆ. ಬಾಯಿ ತಾಯಿಯದೇ ಎಂದು ಓಣಿಯವರು ಅನ್ನುತ್ತಾರೆ.

ಹೋದ ವರ್ಷ ಮಾರ್ಕೆಟಿನ ಆಚೆ ಹಣ್ಣಿನ ಪೆಟ್ಟಿಗೆಗೆ ಮೊಳೆ ಹೊಡೆಯುವವರ ಓಣಿಯಿಂದ ಇಬ್ಬರು ಹೆಂಗಸರು ಬಂದಿದ್ದರು. ಅವರ ಕಡೆಯೂ ಪಟ್ಟಿ ತಯಾರಾಗುತ್ತಿದೆಯಂತೆ. ನಿಮ್ಮ ಬುಕ್ಕು ಕೊಡಿ, ನೋಡಿ ಬರೆದುಕೊಂಡು ಕೊಟ್ಟುಬಿಡ್ತೀವಿ ಎಂದರು. ದಬ್ಬಣಕ್ಕ ಚಹಾ ಕೊಟ್ಟಳು, ಬುಕ್ಕು ಕೊಡಲಿಲ್ಲ. ನಮ್ಮ ಕೆಮ್ಮು ಬರೆದುಕೊಂಡು ಹೋಗಿ ಏನು ಮಾಡ್ತೀರಿ, ನಿಮ್ಮ ಕಷ್ಟ ನಿಮ್ಮವರನ್ನ ಕೇಳಿ ಎಂದಳು. ಅವರ ಮುಖ ಸಪ್ಪಗಾಯಿತು. ಕೇಳೋಕೆ ಹೆಂಗೆ ಶುರು ಮಾಡಬೇಕು ಅಂತಲೇ ಗೊತ್ತಿಲ್ಲ ಎಂದರು.

ವಾರದ ರಜೆಯ ದಿನ ಅವಳೇ ಅಲ್ಲಿಗೆ ಹೋದಳು. ಮರದ ಸೀಳು, ಬಾಗಿದ ಮೊಳೆ, ಗರಗಸದ ಹೊಟ್ಟು ಕಾಲಿಗೆ ಸಿಗುವ ಓಣಿ ಅದು. ಎಲ್ಲರ ಹೆಬ್ಬೆರಳಿಗೂ ಬಟ್ಟೆ ಸುತ್ತಿತ್ತು. ಜನ ಸೇರಿ ಕೂತರು, ಯಾರೂ ಬಾಯಿ ಬಿಡಲಿಲ್ಲ. ದಬ್ಬಣಕ್ಕ ಅವಸರ ಮಾಡಲಿಲ್ಲ. ಒಂದು ಮುರಿದ ಪೆಟ್ಟಿಗೆ ಬೋರಲು ಹಾಕಿ ಕೂತು, ಎಲ್ಲರಿಗಿಂತ ಹಿರಿಯಳಾಗಿ ಕಂಡ ಹೆಂಗಸಿನ ಕಡೆ ತಿರುಗಿ, ಹೇಳಿ ಅಕ್ಕ, ನಿಮ್ಮಿಂದಲೇ ಶುರುವಾಗಲಿ ಎಂದಳು. ಆ ಹೆಂಗಸು ತನ್ನ ಬಟ್ಟೆ ಸುತ್ತಿದ ಬೆರಳನ್ನು ನೋಡಿಕೊಂಡಳು. ಆಮೇಲೆ ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ಮೊದಲು ಈ ಮಾತು ಕೇಳಿ ಎಂದು ಹೇಳತೊಡಗಿದಳು.